ಬೂಷ್ಟು ಹಿಡಿದ ಕೊರಡು

ನಿನ್ನೆ ಉಜ್ಜಿ ತೆಗೆದದ್ದು ಇವತ್ತು ಮತ್ತೆ ಬಂದಿತ್ತು. ಹಿಂದಿನ ಕೋಣೆಯ ದೀಪ ಹಾಕಿ, ಗಾಜಿನ ತೊಟ್ಟಿಯ ಮುಂದೆ ಮಂಡಿಯೂರಿ ಕೂತಾಗ ಮೊದಲು ಕಂಡದ್ದೇ ಅದು: ನೀರಿನೊಳಗೆ ಅಡ್ಡ ಮಲಗಿದ್ದ ಕೊರಡಿನ ಎರಡೂ ತುದಿಗಳಲ್ಲಿ, ಕವಲೊಡೆದ ಸಂದಿನಲ್ಲಿ, ಬೆಳ್ಳಗೆ, ಲೋಳೆಲೋಳೆಯಾಗಿ, ನೆಗಡಿಯವರ ಕರವಸ್ತ್ರದಲ್ಲಿ ಇರುವಂಥದ್ದು. ಬೆಳಕಿನ ಭ್ರಮೆ ಇರಬಹುದೆಂದು ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದಳು. ಭ್ರಮೆಯಲ್ಲ. ನಿನ್ನೆಗಿಂತ ಜಾಸ್ತಿಯೇ ಇತ್ತು. ಹಲ್ಲುಜ್ಜುವ ಬ್ರಷ್ಷಿನಿಂದ ಒಂದು ಸಂದನ್ನೂ ಬಿಡದೆ ತಿಕ್ಕಿ, ಬೆರಳ ತುದಿಗಳು ನೆನೆದು ಸುಕ್ಕಾಗುವ ತನಕ ತಿಕ್ಕಿ, ನೀರು ಬದಲಾಯಿಸಿ, ಸದ್ಯ ಗೆದ್ದೆ ಎಂದುಕೊಂಡು ಮಲಗಿದ್ದಳು. ಇಂಥ ನಿದ್ದೆಗಳ ಮೇಲೆ ಅವಳಿಗೆ ಮೊದಲಿನಿಂದಲೂ ನಂಬಿಕೆ ಇಲ್ಲ. ಏನೋ ಒಂದು ಸರಿಹೋಯಿತು ಅಂದುಕೊಂಡು ಕಣ್ಣು ಮುಚ್ಚಿದರೆ ಸಾಕು, ಬೆಳಗಾಗುವುದರೊಳಗೆ ಅದು ಹಲ್ಲು ಕಿರಿದು ನಿಂತಿರುತ್ತದೆ. ಸಂಜೆ ಅಕ್ಕ ಬರುತ್ತಾಳೆ. ಅಷ್ಟರೊಳಗೆ ಇದು ಹೋಗಬೇಕು.

ಅಕ್ಕ ತನ್ನ ಎರಡು ನ್ಯೂಟ್‌ಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಬರುತ್ತಾಳೆ. ನೋಡಲು ಹಲ್ಲಿ, ಚರ್ಮ ಕಪ್ಪೆಯದು, ವಾಸ ನೀರಿನಲ್ಲಿ. ಬೆನ್ನು ಕಪ್ಪು, ಹೊಟ್ಟೆ ಮಾತ್ರ ಕೆಂಡದ ಬಣ್ಣ. ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿಯಾಗಿರುವ ಅಕ್ಕ ಮದುವೆ ಗಿದುವೆ ಎಂದು ತಲೆಗೆ ಹಚ್ಚಿಕೊಳ್ಳದೆ ಎಷ್ಟೋ ವರ್ಷಗಳಿಂದ ಒಂದು ಪುಟ್ಟ ಮನೆಯಲ್ಲಿ ಇವುಗಳ ಜೊತೆಗೇ ಇದ್ದಾಳೆ. ಈಗ ಅಕ್ಕನ ರಕ್ತಕ್ಕೆ ಕಾಯಿಲೆ. ನಾಳೆ ಆಸ್ಪತ್ರೆ ಸೇರಬೇಕು. ಮೈಯ ಕಾವಲನ್ನೆಲ್ಲ ಮೊದಲು ಔಷಧಿಯಿಂದ ಇಳಿಸಿಬಿಟ್ಟು ಆಮೇಲೆ ಮೂಳೆಯೊಳಗಿನ ಹೊಸ ಮಜ್ಜೆ ಕೊಡುತ್ತಾರಂತೆ. ಹೊರಗೆ ಬಂದ ಮೇಲೂ ತಿಂಗಳುಗಟ್ಟಲೆ ಯಾರದಾದರೂ ಮನೆಯಲ್ಲಿ, ನೋಡಿಕೊಳ್ಳುವವರ ಕಣ್ಣಳತೆಯಲ್ಲಿ ಇರಬೇಕಂತೆ. ಮಣ್ಣು ಬೇಡ, ಬೂಷ್ಟು ಬೇಡ, ಪ್ರಾಣಿ ಬೇಡ, ನಿಂತ ನೀರು ಬೇಡ ಎಂದು ಡಾಕ್ಟರು ಹೇಳುವಾಗ ಇವಳೂ ಅಕ್ಕನ ಪಕ್ಕದಲ್ಲೇ ಕೂತಿದ್ದಳು. ಯಾರ ಮನೆ ಎಂದು ಅಕ್ಕ ಇನ್ನೂ ಬಾಯಿ ಬಿಟ್ಟಿಲ್ಲ. ಇವಳ ಮನೆ, ಇಲ್ಲವೇ ತಮ್ಮನ ಮನೆ, ಮೂರನೆಯದು ಇಲ್ಲ. ಇವಳಿಗೆ ಬೇಕಾದ್ದು ಇಷ್ಟೇ, ಆಸ್ಪತ್ರೆಯಿಂದ ಹೊರಡುವಾಗ ಅಕ್ಕ ‘ತಂಗಿ ಮನೆಗೆ’ ಅನ್ನಬೇಕು. ತಮ್ಮನ ಮನೆಯ ಸೋಫಾದ ಮೇಲೆ ಒಗೆದ ಬಟ್ಟೆಯ ರಾಶಿ, ಕಿಟಕಿಯ ಮೇಲೆ ಧೂಳು, ಯಾರು ಊಟ ಮಾಡಿದರು ಯಾರು ಬಿಟ್ಟರು ಎಂದು ಕೇಳುವವರೇ ಇಲ್ಲ. ಅಂಥ ಕಡೆಗೆ ಅಕ್ಕ ಹೋದರೆ ಅದನ್ನು ತಡೆದುಕೊಳ್ಳುವ ಶಕ್ತಿ ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ‘ಇವೆರಡನ್ನ ನೀನು ಇಟ್ಕೋತೀಯಾ’ ಎಂದು ಅಕ್ಕ ಫೋನಿನಲ್ಲಿ ಕೇಳಿದ ದಿನ ಅವಳಿಗೆ ಕುಣಿಯುವಷ್ಟು ಸಂತೋಷವಾಗಿತ್ತು. ತಮ್ಮನನ್ನು ಕೇಳದೆ ತನ್ನನ್ನು ಕೇಳಿದಳಲ್ಲ. ಮೊದಲು ಇವು, ಇವುಗಳ ಹಿಂದೆಯೇ ಅಕ್ಕ. ಪ್ರಾಣಿ ಬೇಡ ಎಂದ ಡಾಕ್ಟರ ಮಾತು ನೆನಪಾಗದೆ ಇರಲಿಲ್ಲ. ಅದಕ್ಕೂ ಒಂದು ಉಪಾಯ ಮಾಡಿಟ್ಟುಕೊಂಡಿದ್ದಳು. ತೊಟ್ಟಿ ಹಿಂದಿನ ಕೋಣೆಯಲ್ಲಿ, ಬಾಗಿಲು ಸದಾ ಮುಚ್ಚಿರುತ್ತದೆ. ಅಕ್ಕನಿಗೆ ಬಿಸಿಲು ಬೀಳುವ ಮುಂದಿನ ಕೋಣೆ. ಹೀಗೆ ಮಾಡಿದರೆ ನಡೆಯುತ್ತದೆಯೇ ಎಂದು ಡಾಕ್ಟರನ್ನೇ ಕೇಳಬಹುದಿತ್ತು. ಕೇಳಲಿಲ್ಲ.

“ನಿನ್ನ ಮರಕ್ಕೆ ಗಡ್ಡ ಬಂದಿದೆ,” ಎಂದ ಗಂಡ, ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತು. ಅವನು ಲಿಫ್ಟ್ ರಿಪೇರಿ ಮಾಡುವವನು. ಕೆಟ್ಟದ್ದನ್ನು ಮಾತ್ರ ಮುಟ್ಟು, ಓಡುತ್ತಿರುವುದಕ್ಕೆ ಕೈ ಹಚ್ಚಬೇಡ ಎನ್ನುವುದು ಅವನ ಒಟ್ಟು ಜೀವನದ ತಿಳಿವಳಿಕೆ.

“ತಮಾಷೆ ಬೇಡ. ಸಂಜೆ ಅವಳು ಬರ್ತಾಳೆ.”

“ಬಿಟ್ಟುಬಿಡು ಮತ್ತೆ. ಶೇವ್ ಮಾಡಿದಷ್ಟೂ ಒತ್ತಾಗಿ ಬರುತ್ತೆ ಅಂತಾರಲ್ಲ, ಹಾಗೆ.”

ಅವನ ನಗುವಿನಲ್ಲಿ ಕೆಡುಕಿರಲಿಲ್ಲ. ಅದೇ ಅವಳನ್ನು ಹೆಚ್ಚು ರೇಗಿಸಿತು. ಕೊರಡು ಮಾರಿದ ಅಂಗಡಿಯವನಿಗೆ ಫೋನು ಮಾಡಿದಳು. ಅದನ್ನು ಕೊಳ್ಳುವ ದಿನ ಅಂಗಡಿಯಲ್ಲಿ ಅರ್ಧ ಹಗಲು ಕಳೆದಿದ್ದಳು, ಒಂದೊಂದು ತುಂಡನ್ನೂ ಎತ್ತಿ ಮೂಸಿ, ಉಗುರಿನಿಂದ ಕೆರೆದು, ಇದು ಯಾವ ನೀರಿನಲ್ಲಿ ತೇಲಿ ಬಂದದ್ದು, ಎಷ್ಟು ಸಲ ತೊಳೆದಿದ್ದೀರಿ ಎಂದು ಕೇಳಿ ಕೇಳಿ. ಈಗ ಧ್ವನಿ ಕೇಳುತ್ತಲೇ ಅವನು ಗುರುತು ಹಿಡಿದ. “ಬಿಳೀದಾ? ಮೆತ್ತಗಿದೆಯಾ? ಬರುತ್ತೆ ಮೇಡಂ, ಹೊಸ ತೊಟ್ಟಿ, ಹೊಸ ಮರ. ಮರದೊಳಗಿನ ಸಕ್ಕರೆ ತಿಂದು ಮುಗಿಸಿದ ಮೇಲೆ ತಾನಾಗೇ ಹೋಗುತ್ತೆ. ಪ್ರಾಣಿಗೇನೂ ಆಗಲ್ಲ. ನೀವೇನೂ ಮಾಡಬೇಡಿ.” ಸಂಜೆಯೊಳಗೆ ಹೋಗುತ್ತದೆಯೇ ಎಂದು ಕೇಳಿದಳು. “ಸಂಜೆಯೊಳಗೆ ಹೇಗೆ ಹೋಗುತ್ತೆ ಮೇಡಂ? ಅದೂ ಈಗ ತಾನೇ ಬಂದಿದೆ,” ಎಂದ. ಅವನ ಹಿಂದೆ ಯಾರೋ ನಕ್ಕದ್ದು ಕೇಳಿಸಿತು. ಬೇರೆ ಯಾವುದಕ್ಕೋ ನಕ್ಕಿರಬಹುದು. ಆದರೂ ಕಿವಿ ಬಿಸಿಯಾಯಿತು. ಥ್ಯಾಂಕ್ಸ್ ಎಂದು ಹೇಳುವುದನ್ನೂ ಮರೆತು ಫೋನಿಟ್ಟಳು. ಏನೂ ಮಾಡಬೇಡಿ. ಅಕ್ಕನೂ ಹಾಗೇ ಹೇಳಿದ್ದಳು: ನೀರು ತುಂಬಿಸಿ ಸೋಸುವ ಮೋಟಾರು ಹಾಕಿ ಬಿಟ್ಟುಬಿಡು, ಸುಮ್ಮನೆ ಓಡಲಿ. ಎಲ್ಲರೂ ಎಷ್ಟು ಸಲೀಸಾಗಿ ಹೇಳುತ್ತಾರೆ. ಎದುರಿಗೇ ಒಂದು ವಸ್ತು ಕೊಳೆಯುತ್ತಿರುವಾಗ ಕೈಕಟ್ಟಿ ನೋಡುವುದಕ್ಕೆ ಯಾವ ಬಗೆಯ ಎದೆ ಬೇಕು ಎಂದು ಅವಳಿಗೆ ತಿಳಿಯಲಿಲ್ಲ.

ಕೆಲಸಕ್ಕೆ ಅರ್ಧ ದಿನದ ಮಟ್ಟಿಗೆ ಹೋಗಲೇಬೇಕಿತ್ತು. ಕೃತಕ ದಂತ ಮಾಡುವ ಲ್ಯಾಬು ಅವಳದು. ಅವಳದು ಎಂದರೆ ಅವಳು ಕೆಲಸ ಮಾಡುವುದು. ಕ್ಲಿನಿಕ್ಕುಗಳಿಂದ ಪ್ಲಾಸ್ಟಿಕ್ ಚೀಲಗಳಲ್ಲಿ ಬಾಯಿಯ ಅಚ್ಚುಗಳು ಬರುತ್ತವೆ, ಯಾರ ಯಾರದೋ ಎಂಜಲು ಇನ್ನೂ ಆರಿರುವುದಿಲ್ಲ. ಅವನ್ನು ಬಂದ ತಕ್ಷಣ ನೀಲಿ ಟಬ್ಬಿನ ದ್ರಾವಣದಲ್ಲಿ ಮುಳುಗಿಸುವುದು ಮೊದಲ ಕೆಲಸ. ಆ ದ್ರಾವಣ ಸೋಕಿದರೆ ಬದುಕಿರುವುದು ಏನೂ ಉಳಿಯುವುದಿಲ್ಲ. ಅವಳ ಮೇಜಿನ ಮೇಲೆ ಇವತ್ತು ವಾಪಸು ಬಂದ ಒಂದು ಮೇಲ್ದವಡೆಯ ಹಲ್ಲಿನ ಸೆಟ್ಟು ಕಾದಿತ್ತು. ‘ಅಂಚು ಅತಿಯಾಗಿ ಸವೆದಿದೆ, ನಿಲ್ಲುತ್ತಿಲ್ಲ’ ಎಂದು ಡಾಕ್ಟರು ಚೀಟಿ ಅಂಟಿಸಿದ್ದರು. ಲ್ಯಾಬಿನ ಯಜಮಾನ ಪಕ್ಕದ ಮೇಜಿನಲ್ಲಿ ಮೇಣದ ಹಲ್ಲು ಜೋಡಿಸುತ್ತಿದ್ದವಳ ಕಡೆ ನೋಡಿ, “ನಮ್ಮ ಇನ್ನೊಂದ್ಸಲ ಮೇಡಂದು,” ಎಂದ, ಅಷ್ಟೇ. ಅದು ಅವಳ ಅಡ್ಡಹೆಸರು. ಎಲ್ಲ ಮುಗಿದು ಹೊಳಪು ಕೊಟ್ಟು ಪೆಟ್ಟಿಗೆಗೆ ಹಾಕಿದ್ದನ್ನು ಮತ್ತೆ ತೆಗೆದು ‘ಇನ್ನೊಂದ್ಸಲ ನೋಡಿಬಿಡ್ತೀನಿ’ ಎನ್ನುವುದು ಅವಳ ರೂಢಿ; ನೋಡಿದ ಮೇಲೆ ಸುಮ್ಮನಿಡಲು ಆಗುವುದಿಲ್ಲ, ಸವೆಸುವ ಚಕ್ರ ತಿರುಗಿಸಿ ಕೂದಲೆಳೆಯಷ್ಟು ಸವರಬೇಕು, ಸವರಿದ ಮೇಲೆ ಆ ಬದಿಗೂ ಈ ಬದಿಗೂ ಸಮ ಬಾರದೆ ಆ ಬದಿಯನ್ನೂ ಸವರಬೇಕು. ಅಮ್ಮನ ಸೆಟ್ಟನ್ನೂ ಅವಳೇ ಮಾಡಿದ್ದು. ಹಾಕಿಕೊಂಡ ಮೊದಲ ದಿನ ಅಮ್ಮ ಕನ್ನಡಿಯ ಮುಂದೆ ನಿಂತು, ಚೆನ್ನಾಗಿ ಕೂತಿದೆ ಎಂದಿದ್ದಳು. ನೋವಾಗುತ್ತಾ ಎಂದು ಇವಳು ಕೇಳಿದಳು. ಇಲ್ಲ. ಸ್ವಲ್ಪವೂ ಇಲ್ವಾ? ಸ್ವಲ್ಪ ಏನೋ ಹೊಸದಲ್ವಾ, ಎಂದಳು ಅಮ್ಮ. ಆ ‘ಸ್ವಲ್ಪ’ವನ್ನು ಹಿಡಿದುಕೊಂಡು ಇವಳು ಮನೆಗೂ ಲ್ಯಾಬಿಗೂ ಓಡಾಡಿದ್ದೇ ಓಡಾಡಿದ್ದು. ಬಾಯಿ ತೆಗಿ ಅಮ್ಮ, ಕಚ್ಚು, ಬಿಡು, ಈಗ? ಅಮ್ಮ ಬಾಯಿ ತೆಗೆದಳು, ಕಚ್ಚಿದಳು, ಬಿಟ್ಟಳು. ಸವರಿ ಸವರಿ ಕೊನೆಗೆ ಅದು ಮಾತಾಡುವಾಗ ಜಾರಿ ಬೀಳುವಷ್ಟಾಯಿತು, ಒಸಡು ಹುಣ್ಣಾಯಿತು. ಆಮೇಲೆ ಅಮ್ಮ ಅದನ್ನು ಹಾಕಿಕೊಳ್ಳಲೇ ಇಲ್ಲ. ಮೆತ್ತಗೆ ಕಲಸಿದ್ದನ್ನು ನುಂಗಿಕೊಂಡು ಇದ್ದುಬಿಟ್ಟಳು. ಇವಳು ಬರುವ ಸದ್ದು ಕೇಳಿದರೆ ತುಟಿ ಬಿಗಿಹಿಡಿದು ನಗುತ್ತಿದ್ದಳಂತೆ, ಹಲ್ಲಿನ ಮಾತು ಎತ್ತದಿರಲಿ ಎಂದು. ಇದನ್ನು ಹೇಳಿದ್ದು ಅಕ್ಕ, ಅಮ್ಮ ಹೋದ ಎಷ್ಟೋ ದಿನಗಳ ಮೇಲೆ, ಯಾವ ಸಿಟ್ಟೂ ಇಲ್ಲದೆ, ಬೇರೆಯವರ ಹೇಳಿಕೆಯನ್ನು ಓದಿ ಹೇಳುವ ಧ್ವನಿಯಲ್ಲಿ. ಇವಳು ಆಗ ಅಳಲಿಲ್ಲ. ಪಾತ್ರೆ ತೊಳೆದಳು. ಈಗ ಆ ವಾಪಸು ಬಂದ ಸೆಟ್ಟನ್ನು ಕೈಯಲ್ಲಿ ಹಿಡಿದುಕೊಂಡಾಗ, ಅದರ ಯಜಮಾನಿ ಯಾರೋ ಮುದುಕಿ ಎಲ್ಲೋ ತುಟಿ ಬಿಗಿಹಿಡಿದು ಕೂತಿರಬೇಕೆಂದು ಅನಿಸಿತು. ಅದನ್ನು ಹಾಗೆಯೇ ಡ್ರಾಯರಿಗೆ ಹಾಕಿದಳು. ಹೊರಡುವ ಮುಂಚೆ ದ್ರಾವಣದ ಕ್ಯಾನಿನಿಂದ ಒಂದು ಬಾಟಲಿ ತುಂಬಿಸಿಕೊಂಡಳು.

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಹಿಂದಿನ ಕೋಣೆಗೆ ಹೋದಳು. ಕೊರಡನ್ನು ಎತ್ತಿ ಬಚ್ಚಲಿಗೆ ತಂದು ಮೊದಲು ಕುದಿಯುವ ನೀರು ಸುರಿದಳು. ಇಡಿಯಾಗಿ ಮುಳುಗಿಸುವಷ್ಟು ದೊಡ್ಡ ಪಾತ್ರೆ ಮನೆಯಲ್ಲಿರಲಿಲ್ಲ. ಒಂದು ಕಡೆ ಸುರಿದರೆ ಇನ್ನೊಂದು ಕಡೆ ಆರುತ್ತಿತ್ತು. ಬಿಳಿ ಕರಗಿ ಹರಿದು ಹೋಯಿತು ನಿಜ, ಆದರೆ ಅದರ ಬೇರು ಒಳಗೇ ಇದೆ, ತನ್ನ ಬೆನ್ನು ತಿರುಗುವುದನ್ನೇ ಕಾಯುತ್ತಿದೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಬಾಟಲಿಯ ಮುಚ್ಚಳ ತೆಗೆದಳು. ಒಂದು ಕ್ಷಣ ಬೇಡ ಅನಿಸಿತು. ಆ ಬೇಡ ಎಂಬುದು ಅಂಗಡಿಯವನದೋ ಅಕ್ಕನದೋ ಗಂಡನದೋ ತನ್ನದೋ ಎಂದು ಯೋಚಿಸುವುದರೊಳಗೆ ಕೈ ಬಗ್ಗಿಯಾಗಿತ್ತು. ಕೊರಡಿನಿಂದ ಸಣ್ಣ ಗುಳ್ಳೆಗಳೆದ್ದವು. ಕಂದು ಬಣ್ಣ ಇಳಿದು ಇಳಿದು ಅದು ಎಳೆ ಮರದ ಹಾಗೆ ಬೆಳ್ಳಗಾಯಿತು, ಅಂಗಡಿಯಲ್ಲಿ ಅವಳು ಮೆಚ್ಚಿ ತಂದ ತುಂಡು ಇದೇ ಎಂದು ಹೇಳುವ ಹಾಗಿರಲಿಲ್ಲ. ನಲ್ಲಿಯ ಕೆಳಗೆ ಹಿಡಿದು ತೊಳೆದಳು, ಮೂಸಿದಳು, ಮತ್ತೆ ತೊಳೆದಳು. ವಾಸನೆ ಕೊರಡಿನಲ್ಲಿದೆಯೋ ಕೈಯಲ್ಲಿದೆಯೋ ಗೊತ್ತಾಗಲಿಲ್ಲ. ತೊಟ್ಟಿಯ ಗಾಜಿನ ಒಳಮೈಗೂ ಅದನ್ನೇ ಹಚ್ಚಿ ಒರೆಸಿ, ಮೋಟಾರಿನ ಸ್ಪಂಜನ್ನು ಅದರಲ್ಲೇ ಹಿಂಡಿ, ಹೊಸ ನೀರು ತುಂಬಿಸಿ, ಕೊರಡನ್ನು ಇದ್ದಲ್ಲೇ ಇಟ್ಟಳು. ಕಿಟಕಿ ತೆರೆದಳು. ತೊಟ್ಟಿ ಅಷ್ಟು ಸ್ವಚ್ಛವಾಗಿ ಹಿಂದೆಂದೂ ಕಂಡಿರಲಿಲ್ಲ. ಅದರ ಮುಂದೆ ಸ್ಟೂಲು ಹಾಕಿ ಕೂತಳು. ಗೆದ್ದೆ ಅನಿಸಬೇಕಾಗಿತ್ತು, ಅನಿಸಲಿಲ್ಲ.

ಅಕ್ಕ ಬಂದಾಗ ಇನ್ನೂ ಬಿಸಿಲಿತ್ತು. ಒದ್ದೆ ಬಟ್ಟೆ ಸುತ್ತಿದ ಗಾಜಿನ ಡಬ್ಬಿಯನ್ನು ಎದೆಗೊತ್ತಿಕೊಂಡು ಮೆಟ್ಟಿಲು ಹತ್ತಿ ಬಂದಿದ್ದಳು, ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಇಳಿದು ಬರ್ತಿದ್ದೆನಲ್ಲ, ಎಂದರೆ, “ಬಂದೆನಲ್ಲ, ಬಿಡು,” ಎಂದಳು. ಕುರ್ಚಿ ತಂದರೆ ಕೂರಲಿಲ್ಲ, ನೀರು ಕೊಟ್ಟರೆ ಒಂದು ಗುಟುಕು ಕುಡಿದು ಇಟ್ಟಳು. ಇವಳು ದಿಂಬು ತಂದಳು. ಫ್ಯಾನು ಜೋರು ಮಾಡಿದಳು, ಆಮೇಲೆ ಗಾಳಿ ಹೆಚ್ಚಾಯಿತೆಂದು ಕಡಿಮೆ ಮಾಡಿದಳು. ಅಕ್ಕ ಡಬ್ಬಿಯೊಂದಿಗೆ ನೆಟ್ಟಗೆ ಹಿಂದಿನ ಕೋಣೆಗೆ ನಡೆದು, ಬಾಗಿಲಲ್ಲೇ ನಿಂತಳು.

“ಏನು ಹಾಕಿದೆ?”

“ಏನಿಲ್ಲ. ಸ್ವಲ್ಪ ಕ್ಲೀನ್ ಮಾಡ್ದೆ.”

ಅಕ್ಕ ಹತ್ತಿರ ಹೋಗಿ, ಬಾಗಿ, ನೀರನ್ನು ಮೂಸಿ, ಕೊರಡನ್ನು ನೋಡಿದಳು. “ಬಿಳಿ ಬಂದಿತ್ತಾ?”

“ತುಂಬಾ ಬಂದಿತ್ತು ಅಕ್ಕ. ನಿನ್ನೆ ತೆಗೆದೆ, ಮತ್ತೆ ಬಂತು. ನಿನಗೆ ಬೂಷ್ಟು ಇರಬಾರದು ಅಂದ್ರಲ್ಲ ಡಾಕ್ಟರು.”

“ಅದು ಬರಬೇಕು. ಬಂದು ಹೋಗಬೇಕು. ಇವು ಅದರ ಮೇಲೆ ಓಡಾಡ್ಕೊಂಡು ಇರ್ತವೆ, ಏನೂ ಆಗಲ್ಲ. ಈಗ ನೀರಲ್ಲಿ ಇರಬೇಕಾಗಿದ್ದ ಒಳ್ಳೇ ಜೀವಾಣು ಯಾವುದೂ ಇಲ್ಲ. ಮರ ಈ ಔಷಧಿ ಕುಡಿದುಬಿಟ್ಟಿದೆ, ಅದನ್ನ ಎಸೆದುಬಿಡು. ಇವನ್ನ ಇದರೊಳಗೆ ಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಚರ್ಮ ಸುಟ್ಟುಹೋಗಿರುತ್ತೆ.” ಇಷ್ಟನ್ನೂ ಅಕ್ಕ ಬೈಯದೆ ಹೇಳಿದಳು. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

ಅಡುಗೆಮನೆಯ ಮೇಜಿನ ಮೇಲೆ ಡಬ್ಬಿಯನ್ನಿಟ್ಟು ಅಕ್ಕ ಬಟ್ಟೆ ತೆಗೆದಳು. ನ್ಯೂಟ್‌ಗಳೆರಡೂ ಒಂದು ಮೂಲೆಯಲ್ಲಿ ಒಂದರ ಮೇಲೊಂದು ಕೈ ಹಾಕಿಕೊಂಡು ಇದ್ದವು. ಚಿಕ್ಕದು ತಲೆಯೆತ್ತಿ ಗಾಜಿನಾಚೆಗೆ ನೋಡಿತು; ಅದಕ್ಕೆ ಏನು ಕಾಣಿಸುತ್ತದೋ. ಸದ್ಯಕ್ಕೆ ಇದರಲ್ಲೇ ಇರಲಿ, ಹೊಸದಾಗಿ ತೊಟ್ಟಿ ಮಾಡಿ ತಿಂಗಳು ಬಿಟ್ಟು ಒಳಗೆ ಹಾಕು, ದಿನಾ ಅರ್ಧ ನೀರು ಬದಲಾಯಿಸು, ನಲ್ಲಿ ನೀರನ್ನ ಹಿಂದಿನ ದಿನವೇ ಹಿಡಿದಿಡು ಎಂದು ಅಕ್ಕ ಹೇಳುತ್ತ ಹೋದಳು. ಇವಳು ತಲೆಯಾಡಿಸುತ್ತ ಹೋದಳು. ಒಳಗೆ ಒಂದೇ ಮಾತು ತಿರುಗುತ್ತಿತ್ತು, ಮತ್ತು ಈಗ ಕೇಳದಿದ್ದರೆ ಇನ್ನು ಯಾವಾಗಲೂ ಕೇಳಲಾಗುವುದಿಲ್ಲ ಎಂದು ಅನಿಸಿ, ಅಕ್ಕ ಇನ್ನೂ ನೀರಿನ ವಿಷಯ ಹೇಳುತ್ತಿರುವಾಗಲೇ ಕೇಳಿಬಿಟ್ಟಳು.

“ಆಸ್ಪತ್ರೆಯಿಂದ ಇಲ್ಲಿಗೇ ಬರ್ತೀಯಲ್ವಾ?”

ಅಕ್ಕ ಡಬ್ಬಿಯ ಮೇಲಿನ ಕೈಯನ್ನು ತೆಗೆಯಲಿಲ್ಲ. “ಇವು ಇರೋ ಮನೆಗೆ ನಾನು ಹೇಗೆ ಬರಲಿ?”

“ಹಿಂದಿನ ಕೋಣೇಲಿ ಇಡ್ತೀನಿ. ಬಾಗಿಲು ತೆಗೆಯೋದೇ ಇಲ್ಲ. ಮುಟ್ಟಿದ ಮೇಲೆ ಸ್ನಾನ ಮಾಡ್ಕೊಂಡು ನಿನ್ನ ಹತ್ರ ಬರ್ತೀನಿ, ಕೈಗೆ ಗ್ಲೌಸ್...”

“ಗೊತ್ತು. ಎಲ್ಲಾ ಮಾಡ್ತೀಯ ನೀನು.” ಅಕ್ಕ ಈಗ ಕೂತಳು. “ಇವನ್ನ ಇಟ್ಕೋತೀಯಾ ಅಂತ ಕೇಳಿದಾಗಲೇ ನಿನಗೆ ಗೊತ್ತಾಗಿರುತ್ತೆ ಅಂದ್ಕೊಂಡಿದ್ದೆ. ನಾನು ತಮ್ಮನ ಮನೆಗೆ ಹೋಗ್ತೀನಿ.”

“ಅಲ್ಲಿ ಧೂಳು. ಅಲ್ಲಿ ಯಾರು ನೋಡ್ತಾರೆ ನಿನ್ನನ್ನ?”

“ಯಾರೂ ನೋಡಲ್ಲ,” ಎಂದಳು ಅಕ್ಕ. “ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಬಂದು ಹೇಗಿದೀಯ ಅಂತಾರೆ. ಚೆನ್ನಾಗಿದೀನಿ ಅಂದ್ರೆ ನಂಬ್ತಾರೆ. ಧೂಳನ್ನ ಗುಡಿಸೋಕೆ ಹೇಳಿದೀನಿ.”

ನಂಬ್ತಾರೆ ಎಂಬ ಮಾತು ಅವಳ ಮುಖಕ್ಕೆ ಹೊಡೆದ ಹಾಗಾಯಿತು. ಏನೇನೋ ಹೇಳಬೇಕೆನಿಸಿತು. ನಾನು ನಂಬುವುದಿಲ್ಲ ನಿಜ, ಯಾಕೆಂದರೆ ನೀನು ಸತ್ತುಹೋದರೆ ಎಂಬ ಹೆದರಿಕೆ. ಹೆದರಿಕೆಯಲ್ಲಿ ಕೈ ಸುಮ್ಮನಿರುವುದಿಲ್ಲ. ಸುಮ್ಮನಿರು ಎಂದು ನನಗೆ ಯಾರೂ ಕಲಿಸಲಿಲ್ಲ, ನೀನಾದರೂ ಕಲಿಸಬಹುದಿತ್ತು. ಬಾಯಿಂದ ಬಂದದ್ದು ಬೇರೆ. “ಹಾಗಾದ್ರೆ ಇವನ್ನೂ ತಗೊಂಡು ಹೋಗು. ಯಾರಿಗಾದ್ರೂ ಕೊಟ್ಟುಬಿಡು. ನನಗೆ ಇವು ಬೇಡ, ನೀನು ಬಾ.” ಹೇಳುತ್ತಿರುವಾಗಲೇ ಅದು ಎಷ್ಟು ಚಿಕ್ಕ ಹುಡುಗಿಯ ಮಾತು ಎಂದು ನಾಚಿಕೆಯಾಯಿತು, ಆದರೆ ಹಿಂತೆಗೆದುಕೊಳ್ಳಲಿಲ್ಲ.

ಅಕ್ಕ ಅವಳನ್ನು ನೋಡಿದಳು. ಆ ನೋಟದಲ್ಲಿ ಪ್ರೀತಿಯೇ ಇತ್ತು, ಅದರಲ್ಲಿ ಅನುಮಾನವಿರಲಿಲ್ಲ. “ಇವಕ್ಕೆ ನೀನು ಬಿಟ್ರೆ ಯಾರೂ ಇಲ್ಲ,” ಎಂದಳು. “ನನಗೆ ತಮ್ಮ ಇದ್ದಾನೆ.”

ಹೊರಗೆ ಗಂಡ ಬಂದ ಸದ್ದಾಯಿತು. ಅಕ್ಕನನ್ನು ಮನೆಗೆ ಬಿಟ್ಟು ಬರುತ್ತೇನೆಂದು ಬೇಗ ಬಂದಿದ್ದ. ಕೋಣೆಯ ವಾಸನೆ ಮೂಗಿಗೆ ಬಡಿದು ಏನೋ ತಮಾಷೆ ಹೇಳಲು ಬಾಯಿ ತೆರೆದವನು ಇಬ್ಬರ ಮುಖ ನೋಡಿ, ಕಾರು ಕೆಳಗಿದೆ ಎಂದಷ್ಟೇ ಹೇಳಿ, ಅಕ್ಕನ ಚೀಲ ತೆಗೆದುಕೊಂಡು ಇಳಿದುಹೋದ. ಅಕ್ಕ ಬಾಗಿ ಡಬ್ಬಿಯ ಗಾಜಿಗೆ ಒಂದು ಬೆರಳು ತಾಗಿಸಿದಳು. ದೊಡ್ಡದು ಬಾಲ ಅಲ್ಲಾಡಿಸಿತು, ಅಷ್ಟೇ. ಬಾಗಿಲ ತನಕ ಇಬ್ಬರೂ ನಡೆದರು.

ಹೊಸ್ತಿಲ ಬಳಿ ಅಕ್ಕನ ಶಾಲು ಒಂದು ಹೆಗಲಿನಿಂದ ಜಾರಿತ್ತು. ಇವಳು ಅದನ್ನು ಎತ್ತಿ ಸರಿಮಾಡಿದಳು. ಸರಿಮಾಡಿದ ಮೇಲೆ ಎರಡು ತುದಿಗಳೂ ಸಮವಿರಲಿಲ್ಲ. ಉದ್ದವಿದ್ದ ಕಡೆಯನ್ನು ಎಳೆದಳು, ಕುತ್ತಿಗೆಯ ಹತ್ತಿರ ಗಾಳಿ ಹೋಗದ ಹಾಗೆ ಮಡಿಸಿದಳು, ಮಡಿಕೆ ದಪ್ಪವಾಯಿತೆಂದು ಬಿಡಿಸಿ ಮತ್ತೆ ಮಡಿಸಿದಳು. ಅಷ್ಟು ಹೊತ್ತೂ ಅಕ್ಕ ಕೈಗಳನ್ನು ಕೆಳಗೆ ಬಿಟ್ಟುಕೊಂಡು, ಗದ್ದ ಸ್ವಲ್ಪ ಮೇಲೆತ್ತಿ, ಗೋಡೆಯ ಕಡೆ ನೋಡುತ್ತ ಅಲುಗಾಡದೆ ನಿಂತಿದ್ದಳು. ಕೆಳಗೆ ಕಾರು ಶುರುವಾಯಿತು.

“ಆಯ್ತಾ?” ಎಂದು ಕೇಳಿದಳು ಅಕ್ಕ, ಮೆಲ್ಲಗೆ.